ಸುಟ್ಟ ಗಾಯಕ್ಕೆ ಮೀನಿನ ಚರ್ಮ ಹಾಕ್ತಾರಂತೆ. ನನ್ನ ತಂಗಿಗೂ ಆಗುತ್ತಾ?

ರಾಣೆಬೆನ್ನೂರಿನ ಅಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 29 ವರ್ಷ. 9 ದಿನದ ಹಿಂದೆ ಕುಕ್ಕರ್‌ನ ಹವಾ ಪೂರ್ತಿ ಇಳಿಯುವ ಮೊದಲೇ ಮುಚ್ಚಳ ತೆಗೆದಳು. ಕುದಿಯುತ್ತಿದ್ದ ತೊಗರಿಬೇಳೆ ಸಿಡಿದು ಬಲಗೈ, ಎದೆಯ ಮೇಲ್ಭಾಗ, ಕುತ್ತಿಗೆಯ ಬಲಗಡೆ ಸುಟ್ಟಿದೆ. ದೇವರ ದಯೆ, ಮುಖ ಉಳಿಯಿತು. ಗಾಬರಿಯಲ್ಲಿ ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚಿಬಿಟ್ಟಿದ್ದರು. ನಾನು ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಅದು ಒಣಗಿ ಗಾಯಕ್ಕೆ ಅಂಟಿಕೊಂಡಿತ್ತು.

11 ಪರ್ಸೆಂಟ್ ಸುಟ್ಟಿದೆ ಎಂದು ಡಾಕ್ಟರು ಹೇಳಿದ್ದಾರೆ. ಎದೆಯದ್ದು, ಕೈಯ ಹೆಚ್ಚಿನ ಭಾಗದ್ದು ತಾನಾಗಿಯೇ ಮಾಯಬಹುದಂತೆ. ಕುತ್ತಿಗೆಯಲ್ಲಿ, ಮೊಣಕೈ ಮಡಿಕೆಯಲ್ಲಿ ಆಳ ಜಾಸ್ತಿಯಂತೆ. ಇನ್ನು ನಾಲ್ಕೈದು ದಿನ ನೋಡಿ, ತೊಡೆಯಿಂದ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಬೇಕಾಗಬಹುದು ಎಂದರು. ಅದನ್ನು ಕೇಳಿದ ಮೇಲೆ ಅಮ್ಮ ಊಟ ಬಿಟ್ಟಿದ್ದಾರೆ. "ಇರೋ ಗಾಯ ಸಾಲದು ಅಂತ ಇನ್ನೊಂದು ಕಡೆ ಕೊಯ್ಯಬೇಕಾ" ಅಂತ ಒಂದೇ ಸಮನೆ ಕೇಳುತ್ತಾರೆ.

ತಂಗಿಯ ಗಂಡ ಒಂದು ವಿಡಿಯೋ ತೋರಿಸಿದರು. ಬ್ರೆಜಿಲ್‌ನಲ್ಲಿ ಸುಟ್ಟ ಕೈಗೆ ಮೀನಿನ ಚರ್ಮ ಸುತ್ತುತ್ತಾರೆ, ವಾಸಿಯಾಗುತ್ತದೆ. ಇದು ನಿಜವಾ? ನಮ್ಮಲ್ಲಿ ಸಿಗುತ್ತಾ? ಅದು ಸಿಕ್ಕರೆ ತೊಡೆಯ ಚರ್ಮ ತೆಗೆಯುವುದು ತಪ್ಪುತ್ತಾ? ಬೆಂಗಳೂರಿಗೆ ಕರೆದುಕೊಂಡು ಹೋಗಬೇಕೆಂದರೂ ನಾವು ತಯಾರು. ಅವಳಿಗೆ 5 ವರ್ಷದ ಮಗಳಿದ್ದಾಳೆ. ಬ್ಯಾಂಡೇಜ್ ನೋಡಿ ಹೆದರಿ ಅಮ್ಮನ ಹತ್ತಿರ ಹೋಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್:

ಮೊದಲು ಅಮ್ಮನಿಗೆ ಊಟ ಮಾಡಿಸಿ. ತಂಗಿಗೂ ಸರಿಯಾಗಿ ಊಟ ಹೋಗಲಿ. ಮೊಟ್ಟೆ, ಹಾಲು, ಬೇಳೆ ಜಾಸ್ತಿ ಕೊಡಿ. ಸುಟ್ಟ ಮೈಗೆ ತುಂಬಾ ಪ್ರೋಟೀನ್ ಬೇಕು.

ನಾನು 27 ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದೆ. ಈಗ ನಿವೃತ್ತಿಯಾಗಿದೆ. ಡಾಕ್ಟರಲ್ಲ. ಗಾಯವನ್ನು ಕಣ್ಣಾರೆ ನೋಡಿದ ಡಾಕ್ಟರ ಮಾತೇ ಕೊನೆಯ ಮಾತು. ಆದರೆ ನಮ್ಮ ವಾರ್ಡಿನ ಸರ್ ಹೊಸ ಸಂಶೋಧನೆ ಬಂದಾಗಲೆಲ್ಲ ಕೂರಿಸಿ ಹೇಳುತ್ತಿದ್ದರು. ಆ ಅಭ್ಯಾಸ ನನಗೆ ಇನ್ನೂ ಬಿಟ್ಟಿಲ್ಲ.

ವಿಡಿಯೋ ನಿಜ. ಅದು ತಿಲಾಪಿಯಾ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು. ಬ್ರೆಜಿಲ್‌ನ ಫೋರ್ಟಲೇಜಾ ಊರಿನ ವಿಶ್ವವಿದ್ಯಾಲಯದವರು ಅದರ ಚರ್ಮವನ್ನು ತೊಳೆದು, ಗ್ಲಿಸರಿನ್‌ನಲ್ಲಿ ಇಟ್ಟು, ವಿಕಿರಣದಿಂದ ಶುದ್ಧ ಮಾಡಿ ಗಾಯಕ್ಕೆ ಹಾಕುತ್ತಾರೆ. 115 ಜನರ ಮೇಲೆ ನಡೆಸಿದ ಪರೀಕ್ಷೆಯನ್ನು 2021ರಲ್ಲಿ ಪ್ರಕಟಿಸಿದರು. ಕೆಲವರಿಗೆ ಮೀನಿನ ಚರ್ಮ, ಉಳಿದವರಿಗೆ ನಾವೆಲ್ಲ ಬಳಸುವ ಬಿಳಿ ಸಿಲ್ವರ್ ಕ್ರೀಮ್. ಮೀನಿನ ಚರ್ಮ ಹಾಕಿದವರಿಗೆ ನೋವು ಕಡಿಮೆ, ಖರ್ಚೂ ಕಡಿಮೆ. ಐಸ್‌ಲ್ಯಾಂಡ್‌ನಲ್ಲೂ ಒಂದು ಕಂಪನಿ ಕಾಡ್ ಮೀನಿನ ಚರ್ಮದಿಂದ ಇಂಥದ್ದೇ ಡ್ರೆಸ್ಸಿಂಗ್ ಮಾಡುತ್ತದೆ.

ಅದರಲ್ಲಿ ನೋವು ಯಾಕೆ ಕಡಿಮೆ ಎಂದು ವಾರ್ಡಿನಲ್ಲಿ ಇದ್ದವರಿಗೆ ಬೇಗ ಅರ್ಥವಾಗುತ್ತದೆ. ಸಿಲ್ವರ್ ಕ್ರೀಮ್ ಹಾಕಿದರೆ ದಿನಾ ಬಿಚ್ಚಬೇಕು, ತೊಳೆಯಬೇಕು, ಮತ್ತೆ ಹಚ್ಚಬೇಕು. ಬೆಳಿಗ್ಗೆ ಡ್ರೆಸ್ಸಿಂಗ್ ಟ್ರಾಲಿಯ ಚಕ್ರದ ಸದ್ದು ಕಾರಿಡಾರಿನಲ್ಲಿ ಕೇಳಿದರೆ ಸಾಕು, ನಮ್ಮ ಮಕ್ಕಳ ವಾರ್ಡಿನಲ್ಲಿ ಕೊನೆಯ ಹಾಸಿಗೆಯವರೆಗೂ ಅಳು ಶುರುವಾಗುತ್ತಿತ್ತು. ಗಾಜ್ ಬಟ್ಟೆ ಗಾಯಕ್ಕೆ ಅಂಟಿರುತ್ತದೆ. ಸಲೈನ್ ಸುರಿದು ನೆನೆಸಿ, ಒಂದೊಂದು ಎಳೆ ಬಿಡಿಸಿದರೂ ಹೊಸದಾಗಿ ಬಂದ ಪೊರೆ ಕಿತ್ತು ಬರುತ್ತದೆ. ಮೀನಿನ ಚರ್ಮ ಗಾಯದ ಮೇಲೆ ಕೂತರೆ ಹಾಗೇ ಕೂತಿರುತ್ತದೆ. ಅಡಿಯಲ್ಲಿ ಗಾಯ ಮಾಯುತ್ತದೆ. ಬಿಚ್ಚುವ ಹಿಂಸೆ ಇಲ್ಲ.

ನಮ್ಮ ದೇಶದಲ್ಲೂ ಈ ದಾರಿಯಲ್ಲಿ ಯೋಚಿಸಿದವರಿದ್ದಾರೆ. ಮುಂಬೈಯ ಡಾ. ಕೇಸ್ವಾನಿ 1985ರಲ್ಲೇ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಗಾಜ್ ಬಟ್ಟೆಗೆ ಅಂಟಿಸಿ ಡ್ರೆಸ್ಸಿಂಗ್ ಮಾಡಿ ತೋರಿಸಿದ್ದರು. 2003ರಲ್ಲಿ ಮುಂಬೈಯ ಡಾಕ್ಟರುಗಳೇ ಬಾಳೆಎಲೆಯ ಡ್ರೆಸ್ಸಿಂಗ್ ಬಗ್ಗೆ ಬರೆದರು. ಎಲೆಯ ಮೇಲೆ ಬಿಸಿ ಅನ್ನ ಬಡಿಸಿದರೆ ಹೇಗೆ ಅಂಟದೆ ಜಾರುತ್ತದೋ, ಗಾಯದಿಂದಲೂ ಅದು ಹಾಗೇ ಬಿಟ್ಟುಬರುತ್ತದೆ. ನಾನು ಇದನ್ನು ಕೈಯಾರೆ ಮಾಡಿದ್ದೇನೆ. ಆದರೆ ಅದು ಆಟೋಕ್ಲೇವ್‌ನಲ್ಲಿ, ಅಂದರೆ ಬಿಸಿ ಹಬೆಯ ಯಂತ್ರದಲ್ಲಿ, ಶುದ್ಧ ಮಾಡಿದ ಎಲೆ. ದಯವಿಟ್ಟು ಮನೆ ಹಿತ್ತಲಿನ ಎಲೆ ಕೊಯ್ದು ಕಟ್ಟಬೇಡಿ. ಮೀನು ಮಾರ್ಕೆಟ್ಟಿನ ಚರ್ಮವಂತೂ ಬೇಡವೇ ಬೇಡ. ಗಾಯಕ್ಕೆ ಸೋಂಕು ತಗುಲಿದರೆ ಮೇಲಿಂದ ಸುಟ್ಟಿದ್ದೂ ಆಳಕ್ಕೆ ಇಳಿಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬ್ರೆಜಿಲ್‌ನ ಆ 115 ಜನರದ್ದು ಮೇಲು ಪದರದ ಗಾಯಗಳು. ಹಸಿರು ಹುಲ್ಲಿನ ಮೇಲೆ ಬೆಂಕಿ ಹಾಯ್ದರೂ ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ ಅಲ್ವಾ? ಚರ್ಮದಲ್ಲಿ ಕೂದಲಿನ ಬುಡ, ಬೆವರಿನ ಗ್ರಂಥಿಗಳೇ ಆ ಬೇರು. ಅವು ಉಳಿದಿದ್ದರೆ ಅಲ್ಲಿಂದ ಹೊಸ ಚರ್ಮ ಹಬ್ಬಿಕೊಂಡು ಗಾಯ ಮುಚ್ಚುತ್ತದೆ. ಮೀನಿನ ಚರ್ಮವಾಗಲಿ, ಬಾಳೆಎಲೆಯಾಗಲಿ ಮಾಡುವುದು ಆ ಚಿಗುರಿಗೆ ನೆರಳು ಕೊಡುವ ಕೆಲಸ. ಬೇಳೆ ನೀರಿನ ಹಾಗಲ್ಲ. ಅಂಟಿಕೊಂಡು ಜಾಸ್ತಿ ಹೊತ್ತು ಸುಡುತ್ತದೆ. ನಿಮ್ಮ ತಂಗಿಯ ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಬೇರೂ ಸುಟ್ಟಿರಬೇಕು. ಅಲ್ಲಿ ಯಾವ ಮೀನೂ ಚರ್ಮ ಹುಟ್ಟಿಸಲಾರದು.

ಸುಮ್ನೆ ಕಾಯುತ್ತಾ ಕೂತರೂ ಅಂಚಿನಿಂದ ಮೆಲ್ಲಗೆ ಮುಚ್ಚಿಕೊಳ್ಳಬಹುದು. ಆದರೆ 3 ವಾರ ದಾಟಿ ಮುಚ್ಚುವ ಗಾಯ ಸಾಮಾನ್ಯವಾಗಿ ದಪ್ಪಗೆ ಉಬ್ಬುತ್ತದೆ, ಎಳೆಯುತ್ತದೆ. ಕುತ್ತಿಗೆಯಲ್ಲಿ ಎಳೆದರೆ ಗದ್ದ ಕೆಳಗಿಳಿಯುತ್ತದೆ. ಅದಕ್ಕೇ ಡಾಕ್ಟರು ಎರಡು ವಾರದೊಳಗೆ ತೀರ್ಮಾನಿಸಬೇಕು ಎನ್ನುತ್ತಿರುವುದು. ಅವರು ನಾಲ್ಕೈದು ದಿನ ನೋಡೋಣ ಎಂದದ್ದು ಸರಿಯಾಗಿಯೇ ಇದೆ. ಅಲ್ಲಿ ಪ್ಲಾಸ್ಟಿಕ್ ಸರ್ಜನ್ ಇದ್ದರೆ 11 ಪರ್ಸೆಂಟಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ.

ತೊಡೆಯಿಂದ ತೆಗೆಯುವುದು ಪೂರ್ತಿ ಚರ್ಮವಲ್ಲ, ಮೇಲಿನ ಪೊರೆ ಮಾತ್ರ. ಬೇರು ಅಲ್ಲೇ ಇರುತ್ತದೆ. ಎರಡು ವಾರದೊಳಗೆ ತೊಡೆ ತಾನಾಗಿ ಮುಚ್ಚುತ್ತದೆ. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಮೊದಲ ಕೆಲವು ದಿನ ಕುತ್ತಿಗೆಗಿಂತ ತೊಡೆಯೇ ಜಾಸ್ತಿ ಉರಿಯುತ್ತದೆ. ಅದು ಕೆಟ್ಟಿತು ಎಂದಲ್ಲ. ಎಲ್ಲರಿಗೂ ಹಾಗೇ ಆಗುತ್ತದೆ.

ರಾಣೆಬೆನ್ನೂರಿನ ಅಣ್ಣ:

ಸಿಸ್ಟರ್, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಹುಲ್ಲಿನ ಮಾತು ಅವರಿಗೆ ಹಿಡಿಸಿತು. ಅದಾದ ಮೇಲೆ ಹೊಸ ಹಟ ಶುರುವಾಗಿದೆ. "ಅವಳ ತೊಡೆ ಯಾಕೆ, ನನ್ನ ಚರ್ಮ ತಗೊಳ್ಳಲಿ. ಕಿಡ್ನಿ ಕೊಡಬಹುದಂತೆ, ಚರ್ಮ ಕೊಡೋಕೆ ಆಗಲ್ವಾ" ಎನ್ನುತ್ತಾರೆ. ಏನು ಹೇಳಲಿ?

ವಾರ್ಡ್ ಸಿಸ್ಟರ್:

ಈ ಮಾತನ್ನು ಹೇಳದ ತಾಯಿಯನ್ನು ನಾನು ವಾರ್ಡಿನಲ್ಲಿ ನೋಡಿಲ್ಲ. ಅಮ್ಮನಿಗೆ ಹೇಳಿ, ಅವರ ಚರ್ಮ ಹಾಕಿದರೆ ಕೂರುತ್ತದೆ, ಆದರೆ ಎರಡು ಮೂರು ವಾರದಲ್ಲಿ ತಂಗಿಯ ಮೈ ಅದನ್ನು ಹೊರಗಿನದು ಎಂದು ಗುರುತು ಹಿಡಿದು ತಳ್ಳಿಬಿಡುತ್ತದೆ. ಕಿಡ್ನಿಗೆ ಆದರೆ ಜೀವಮಾನವಿಡೀ ಮಾತ್ರೆ ಕೊಟ್ಟು ಅದನ್ನು ತಡೆಯುತ್ತಾರೆ. ಇಷ್ಟು ಗಾಯಕ್ಕೆ ಆ ಮಾತ್ರೆ ಯಾರೂ ಕೊಡುವುದಿಲ್ಲ.

ಆದರೆ ಬೇರೆಯವರ ಚರ್ಮದಿಂದ ಜೀವ ಉಳಿಯುವುದು ಸುಳ್ಳಲ್ಲ. ಅರ್ಧಕ್ಕಿಂತ ಜಾಸ್ತಿ ಸುಟ್ಟವರಿಗೆ ತೆಗೆಯಲು ಸ್ವಂತ ಚರ್ಮವೇ ಉಳಿದಿರುವುದಿಲ್ಲ. ಮೈಯೆಲ್ಲ ತೆರೆದ ಗಾಯ. ನೀರು ಸೋರಿಹೋಗುತ್ತದೆ, ಸೋಂಕು ಒಳಗೆ ಬರುತ್ತದೆ. ಅಂಥವರಿಗೆ ಎರಡು ಮೂರು ವಾರದ ಹೊದಿಕೆಯೂ ದೊಡ್ಡದು. ಅಷ್ಟರಲ್ಲಿ ಒಮ್ಮೆ ಚರ್ಮ ತೆಗೆದ ತೊಡೆ ಮಾಯ್ದು, ಮತ್ತೊಮ್ಮೆ ತೆಗೆಯಲು ಬರುತ್ತದೆ. ಅದಕ್ಕಾಗಿ ಚರ್ಮ ಬ್ಯಾಂಕ್‌ಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಒಂದಿದೆ. ತೀರಿಹೋದವರಿಂದ 6 ಗಂಟೆಯೊಳಗೆ ಚರ್ಮ ತೆಗೆಯಬೇಕು. ರಕ್ತದ ಗುಂಪು ಹೊಂದಬೇಕಾಗಿಲ್ಲ. 18 ವರ್ಷ ದಾಟಿದ್ದರೆ ಆಯಿತು, ಮುದುಕರದ್ದೂ ಬರುತ್ತದೆ. ಎಚ್‌ಐವಿ, ಕಾಮಾಲೆಯ ವೈರಸ್, ಚರ್ಮದ ಕ್ಯಾನ್ಸರ್ ಇರಬಾರದು. ತೆಗೆದದ್ದನ್ನು 85 ಪರ್ಸೆಂಟ್ ಗ್ಲಿಸರಾಲ್‌ನಲ್ಲಿ ತಂಪಾಗಿ ಇಟ್ಟರೆ 5 ವರ್ಷದವರೆಗೂ ಬಳಸಬಹುದು.

ಒಂದು ರಾತ್ರಿ ತಂಡದ ಜೊತೆ ಒಂದು ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ ಅಜ್ಜಿ. ನಡುಮನೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದ್ದರು. ಅಂಗಳದಲ್ಲಿ ಜನ. ನಮಗೆ ಒಂದು ಕೋಣೆ ಬಿಟ್ಟುಕೊಟ್ಟರು. ಮೊದಲು ಪರೀಕ್ಷೆಗೆ ರಕ್ತ ತೆಗೆದೆವು. ಆಮೇಲೆ ತೊಡೆ, ಕಾಲು, ಬೆನ್ನಿನಿಂದ ಮಾತ್ರ ಚರ್ಮ. ಡರ್ಮಟೋಮ್ ಎಂಬ ಉಪಕರಣ ಜಾರಿಸಿದರೆ ಕಾದಾರಿದ ಹಾಲಿನ ಕೆನೆ ಎತ್ತಿದ ಹಾಗೆ ತೆಳ್ಳಗೆ, ಉದ್ದಕ್ಕೆ ಬರುತ್ತದೆ. ಅರ್ಧ ಮಿಲಿಮೀಟರೂ ಇರುವುದಿಲ್ಲ. ರಕ್ತ ಹರಿಯುವುದಿಲ್ಲ. ರೂಪ ಕೆಡುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿದು ಬ್ಯಾಂಡೇಜ್ ಕಟ್ಟುತ್ತಿದ್ದೆವು. ಆಗ ಸೊಸೆ ಬಾಗಿಲ ಹೊರಗಿನಿಂದಲೇ ಒಂದು ಇಳಕಲ್ ಸೀರೆ ಚಾಚಿ, "ಅತ್ತೆಗೆ ಇದು ಇಷ್ಟ, ನೀವೇ ಉಡಿಸ್ತೀರಾ ಸಿಸ್ಟರ್" ಎಂದರು. ನಾನೂ ಇನ್ನೊಬ್ಬ ಸಿಸ್ಟರೂ ಸೇರಿ ಉಡಿಸಿದೆವು. ನೆರಿಗೆ ಸರಿಮಾಡುವಾಗ ಕೈ ನಡುಗಿದ್ದು ಇವತ್ತಿಗೂ ನೆನಪಿದೆ. ಹೊರಗೆ ತಂದು ಮಲಗಿಸಿದಾಗ ಬಂದ ನೆಂಟರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಹೊಸ ಹೊಸ ಸಂಶೋಧನೆ ಬರುತ್ತಲೇ ಇದೆ. ಅನಾನಸ್ ಕಾಂಡದ ಕಿಣ್ವದಿಂದ ಮಾಡಿದ ಜೆಲ್ ಇದೆ, 4 ಗಂಟೆ ಹಚ್ಚಿಟ್ಟರೆ ಸತ್ತ ಚರ್ಮವನ್ನಷ್ಟೇ ಕರಗಿಸುತ್ತದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಚಾಕುವಿನಿಂದ ಹೆರೆಯುವಾಗ ಒಳ್ಳೆಯ ಚರ್ಮವೂ ಸ್ವಲ್ಪ ಹೋಗುತ್ತಿತ್ತು, ಅದು ತಪ್ಪುತ್ತದೆ. ಪರ್ತ್‌ನ ಡಾ. ಫಿಯೋನಾ ವುಡ್ ಅಂಚೆಚೀಟಿಯಷ್ಟು ಚರ್ಮದಿಂದ ಜೀವಕೋಶ ಬಿಡಿಸಿ ಗಾಯದ ಮೇಲೆ ಸಿಂಪಡಿಸುವ ದಾರಿ ಕಂಡುಹಿಡಿದರು. ಇವೆಲ್ಲ ನಮ್ಮ ತಾಲೂಕಿನ ಆಸ್ಪತ್ರೆಗೂ ಬರಲಿ ಎಂದು ನನಗೆ ತುಂಬಾ ಆಸೆ. ಬರುವವರೆಗೆ ದೊಡ್ಡ ಗಾಯದವರಿಗೆ ನಮ್ಮ ಕೈಯಲ್ಲಿರುವುದು ಆ ಅಜ್ಜಿಯಂಥವರು ಕೊಟ್ಟ ಚರ್ಮ. ನಿಮ್ಮ ಅಮ್ಮ ಈಗ ಕೊಡಬೇಕಾಗಿಲ್ಲ. ಅಷ್ಟು ಮನಸ್ಸಿದ್ದರೆ, ನೂರು ವರ್ಷ ಬಾಳಿದ ಮೇಲೆ ಕೊಡಲಿ. ಮನೆಯಲ್ಲಿ ಈಗಲೇ ಹೇಳಿಟ್ಟಿರಲಿ.

ಪೆಟ್ರಿ ತಟ್ಟೆ:

ನಾನು ಜೀವಕೋಶ ಬೆಳೆಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ವಂತ ಚರ್ಮವನ್ನೇ ಹೊರಗೆ ಬೆಳೆಸಿ ಹಾಕುವುದು ಈಗ ಆಗುತ್ತದೆ. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಹಾಳೆಯಂತೆ ಬೆಳೆಸುವ ವಿಧಾನ ತೋರಿಸಿದರು. ಮೈಯಲ್ಲಿ ಮುಕ್ಕಾಲು ಪಾಲು ಸುಟ್ಟವರಿಗೂ ಇದರಿಂದ ಹೊದಿಕೆ ಸಿಕ್ಕಿದೆ.

ನನಗೆ ಮೈ ಜುಮ್ಮೆನ್ನಿಸಿದ ಕೆಲಸ ಜರ್ಮನಿಯ ಬೋಖುಮ್‌ನದು. 7 ವರ್ಷದ ಹುಡುಗ. ಹುಟ್ಟಿನಿಂದಲೇ ಮುಟ್ಟಿದರೆ ಚರ್ಮ ಸುಲಿಯುವ ಕಾಯಿಲೆ. ಇಟಲಿಯ ಮೊಡೆನಾದ ಡಿ ಲೂಕಾ ಅವರ ತಂಡ ಅವನ ಚರ್ಮದ ಚಿಕ್ಕ ತುಂಡಿನಲ್ಲಿ ಕೆಟ್ಟ ಜೀನ್ ಸರಿಪಡಿಸಿ, ಹಾಳೆ ಹಾಳೆಯಾಗಿ ಬೆಳೆಸಿ ಕಳಿಸಿತು. ಬೋಖುಮ್‌ನ ಸರ್ಜನ್‌ಗಳು ಮೈಯ ಸುಮಾರು 80 ಪರ್ಸೆಂಟ್ ಭಾಗಕ್ಕೆ ಅದನ್ನು ಹಾಕಿದರು. 2017ರಲ್ಲಿ ಪ್ರಕಟವಾಯಿತು. ಹುಡುಗ ಶಾಲೆಗೆ ಹೋದ.

ಆದರೆ ಈ ಹಾಳೆ ಬೆಳೆಯಲು ವಾರಗಟ್ಟಲೆ ಬೇಕು. ತುಂಬಾ ನಾಜೂಕು, ಹಿಡಿಯುವಾಗಲೇ ಮಡಚಿಕೊಳ್ಳುತ್ತದೆ. ಅದರಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಯಿಲ್ಲ. ಈಗ ಸಂಶೋಧನೆ ಗುದ್ದಾಡುತ್ತಿರುವುದು ಅಲ್ಲೇ. ಮೇಲು ಪದರದ ಜೊತೆ ಕೆಳಗಿನ ದಪ್ಪ ಪದರವನ್ನೂ ಬೆಳೆಸಿದರೆ ಕಡಿಮೆ ಎಳೆಯುತ್ತದಾ ಎಂದು ಜೂರಿಕ್‌ನವರು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ. ನಿಮ್ಮ ತಂಗಿಗೆ ಇದು ಬೇಕಾಗಿಲ್ಲ. ಕುತ್ತಿಗೆಗೆ ಬೇಕಾಗುವಷ್ಟು ಚರ್ಮ ಅವರ ತೊಡೆಯಲ್ಲೇ ಇದೆ, ಅದು ಲ್ಯಾಬ್‌ನದ್ದಕ್ಕಿಂತ ಗಟ್ಟಿ.

ಕಲಬುರಗಿಯಿಂದ:

ನಾನು 8 ವರ್ಷದವನಿದ್ದಾಗ ಸ್ಟವ್ ಸಿಡಿದು ಕುತ್ತಿಗೆ, ಎದೆ ಸುಟ್ಟಿತ್ತು. ಗಾಯ ಮಾಯಿತು, ಎಲ್ಲರೂ ಮುಗೀತು ಅಂದುಕೊಂಡರು. ಅವ್ವ ನೋವಾಗಬಾರದು ಅಂತ ತಲೆಗೆ ಎರಡು ದಿಂಬು ಇಟ್ಟು ಮಲಗಿಸುತ್ತಿದ್ದಳು. ಬೇಡ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷದಲ್ಲಿ ಗದ್ದ ಎದೆಗೆ ಅಂಟುವಷ್ಟು ಎಳೆಯಿತು. ಬೋರ್ಡ್ ಮೇಲೆ ಬರೆದದ್ದನ್ನು ನೋಡಲು ಬೆನ್ನು ಹಿಂದಕ್ಕೆ ಬಾಗಿಸುತ್ತಿದ್ದೆ. ನೀರು ಕುಡಿದರೆ ತುಟಿಯ ಅಂಚಿನಿಂದ ಸೋರುತ್ತಿತ್ತು. 14ನೇ ವರ್ಷಕ್ಕೆ ಆಪರೇಷನ್ ಮಾಡಿ ಬಿಡಿಸಿ, ತೊಡೆಯ ಚರ್ಮ ಹಾಕಿದರು. ಎಚ್ಚರವಾದಾಗ ಮೊದಲು ಕಂಡದ್ದು ಫ್ಯಾನ್. ಆರು ವರ್ಷ ಮಲಗಿದಲ್ಲಿಂದ ಫ್ಯಾನ್ ನೋಡಿರಲಿಲ್ಲ.

ದಿಂಬು ಇಡಬೇಡಿ. ಇದನ್ನು ಹೇಳಲಿಕ್ಕೇ ಬರೆದೆ. ಮತ್ತೆ ಕಸಿ ಮಾಡಿದ ಜಾಗ ಬೆವರುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ನಾನು ಒದ್ದೆ ಟವೆಲ್ ಇಟ್ಟುಕೊಂಡೇ ಹೊರಗೆ ಹೋಗುತ್ತೇನೆ.

ವಾರ್ಡ್ ಸಿಸ್ಟರ್:

ಕಲಬುರಗಿಯವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಅವ್ವನದ್ದು ತಪ್ಪಲ್ಲ. ಡಿಸ್ಚಾರ್ಜ್ ಮಾಡುವಾಗ ನಮ್ಮಂಥವರು ಕೂತು ಹೇಳಬೇಕಿತ್ತು.

ರಾಣೆಬೆನ್ನೂರಿನವರೇ, ನಮ್ಮ ವಾರ್ಡಿನ ಫಿಸಿಯೋಥೆರಪಿಯವರು ದಿನಾ ಹೇಳುತ್ತಿದ್ದ ಮಾತು, "ಯಾವ ಭಂಗಿಯಲ್ಲಿ ಆರಾಮ ಅನ್ನಿಸುತ್ತೋ ಆ ಭಂಗಿಯಲ್ಲೇ ಮೈ ಬಿಗಿಯುತ್ತೆ." ಸುಟ್ಟವರು ಮೊಣಕೈ ಮಡಚಿ, ಗದ್ದ ಇಳಿಸಿ, ತೋಳು ಮೈಗೆ ಒತ್ತಿಕೊಂಡು ಮಲಗುತ್ತಾರೆ. ಹಾಗೆ ಬಿಟ್ಟರೆ ಹಾಗೇ ಕೂಡಿಕೊಳ್ಳುತ್ತದೆ. ಕಸಿ ಕೂತ ಮೇಲೆ ಕುತ್ತಿಗೆಗೆ ಕಾಲರ್, ಮೊಣಕೈಗೆ ನೇರ ಹಿಡಿಯುವ ಸ್ಪ್ಲಿಂಟ್ ಕೊಡುತ್ತಾರೆ. ರಾತ್ರಿ ಬಿಚ್ಚಬೇಡಿ. ತಲೆದಿಂಬು ಬೇಡ, ಡಾಕ್ಟರು ಒಪ್ಪಿದರೆ ಭುಜದ ಅಡಿಗೆ ಮಡಚಿದ ಟವೆಲ್ ಇಡಿ, ಕುತ್ತಿಗೆ ಹಿಂದಕ್ಕೆ ಬಾಗಲಿ. ಆಮೇಲೆ ಅಳತೆ ತೆಗೆದು ಹೊಲಿದ ಬಿಗಿ ಬಟ್ಟೆ ಕೊಡುತ್ತಾರೆ, ದಿನಕ್ಕೆ 23 ಗಂಟೆ ಹಾಕಬೇಕು, ವರ್ಷದ ಮೇಲೂ ಹಿಡಿಯಬಹುದು. ಎರಡು ಜೊತೆ ಹೊಲಿಸಿ, ಒಂದು ಒಗೆದು ಒಣಗುವವರೆಗೆ ಇನ್ನೊಂದು. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿ. ತುರಿಕೆ ಜೋರಾಗಿ ಬರುತ್ತದೆ, ಅದಕ್ಕೆ ಈಗ ಒಳ್ಳೆಯ ಮಾತ್ರೆಗಳಿವೆ, ಸಹಿಸಿಕೊಂಡು ಕೂರಬೇಡಿ, ಕೇಳಿ. ಗುರುತು ಉಬ್ಬಿದರೆ ಲೇಸರ್ ಇದೆ. ಗಾಯದ ಅಡಿಗೆ ಸ್ವಂತ ಕೊಬ್ಬು ತುಂಬಿ ಮೆದು ಮಾಡುವ ವಿಧಾನವನ್ನೂ ಪರೀಕ್ಷಿಸುತ್ತಿದ್ದಾರೆ. ಅದೆಲ್ಲ ಮುಂದಿನ ಮಾತು. ಕಾಲರ್ ಇವತ್ತಿನ ಮಾತು.

ರಾಣೆಬೆನ್ನೂರಿನ ಅಣ್ಣ:

ಎಲ್ಲರಿಗೂ ತಿಳಿಸಬೇಕಿತ್ತು. ಕಸಿ ಆಗಿ 24 ದಿನ ಆಯ್ತು. ಕುತ್ತಿಗೆಯದ್ದು ಪೂರ್ತಿ ಕೂತಿದೆ. ಮೊಣಕೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಬಿಟ್ಟಿತ್ತು, ಅದೂ ಮುಚ್ಚುತ್ತಿದೆ. ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ಅಮ್ಮ ಅಟ್ಟಕ್ಕೆ ಹಾಕಿದ್ದಾರೆ. ಆದರೆ ತಂಗಿ ಕೈ ಮೇಲೆತ್ತಲು ಒಪ್ಪುತ್ತಿಲ್ಲ. ವ್ಯಾಯಾಮ ಅಂದರೆ ಅಳುತ್ತಾಳೆ. ಏನು ಮಾಡುವುದು ಸಿಸ್ಟರ್?

ವಾರ್ಡ್ ಸಿಸ್ಟರ್:

ತುಂಬಾ ಖುಷಿಯಾಯಿತು. ವ್ಯಾಯಾಮ ಅನ್ನಬೇಡಿ. ಮಗಳಿಗೆ ಜಡೆ ಹಾಕಲಿ. ಮಗುವನ್ನು ಎತ್ತರದ ಸ್ಟೂಲ್ ಮೇಲೆ ಕೂರಿಸಿ, ತಂಗಿ ಹಿಂದೆ ನಿಂತುಕೊಳ್ಳಲಿ. ಬಾಚಬೇಕಾದರೆ ಮೊಣಕೈ ಬಿಡಿಸಲೇಬೇಕು, ತೋಳು ಎತ್ತಲೇಬೇಕು. ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಚರ್ಮ ಬಿರಿದರೆ, ರಕ್ತ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಗುವಿನ ಹೆದರಿಕೆಯೂ ಹೋಗುತ್ತದೆ.

ರಾಣೆಬೆನ್ನೂರಿನ ಅಣ್ಣ:

ಇವತ್ತು ಶಾಲೆಗೆ ಹೊರಡುವ ಮುಂಚೆ ಕೂರಿಸಿದೆವು. ಮಗು ಮೊದಲು ಬ್ಯಾಂಡೇಜ್ ಮುಟ್ಟಿ ನೋಡಿತು. ಎಡಗಡೆಯ ಜಡೆ ಪೂರ್ತಿ ತಂಗಿಯೇ ಹಾಕಿದಳು, ರಿಬ್ಬನ್ ಸಮೇತ. ಬಲಗಡೆಯದ್ದು ಅರ್ಧಕ್ಕೆ ಸಾಕು ಅಂದಳು. ಉಳಿದದ್ದನ್ನು ಅಮ್ಮ ಹೆಣೆದರು.